ಹಿತ್ತಿಲ ಮೆಟ್ಟಿಲು

ಕಟ್ಟುವ ಕೆಲಸಕ್ಕೆ ಮುಹೂರ್ತ ಉಂಟು, ಪೂಜೆ ಉಂಟು, ತೆಂಗಿನಕಾಯಿ ಉಂಟು. ಕೀಳುವ ಕೆಲಸಕ್ಕೆ ಇವು ಯಾವುವೂ ಇಲ್ಲ. ಗೌಂಡಿಗೆ ಕೂಡ ಅದು ರುಚಿಸುವ ಕೆಲಸವಲ್ಲ. ಕಟ್ಟಿದ ಗೋಡೆಯನ್ನು ನಾಲ್ಕು ಜನರಿಗೆ ತೋರಿಸಿ ಇದು ತನ್ನ ಕೈಯ ಕೆಲಸವೆಂದು ಹೇಳಿಕೊಳ್ಳಬಹುದು. ಕಿತ್ತ ಜಾಗವನ್ನು ತೋರಿಸಿ ಏನೆಂದು ಹೇಳಿಕೊಳ್ಳುವುದು? ಯಾರಿಗೂ ಬೇಡವಾದ ಎಷ್ಟೋ ಕಟ್ಟೆಗಳೂ ಮೆಟ್ಟಿಲುಗಳೂ ಊರೂರುಗಳಲ್ಲಿ ಹಾಗೆಯೇ ಉಳಿದುಕೊಂಡಿರುವುದಕ್ಕೆ ಇದೂ ಒಂದು ಕಾರಣವಾಗಿರಬೇಕು.

ನವಲಗುಂದ ತಾಲೂಕಿನಲ್ಲಿ ಬೆಣ್ಣಿಹಳ್ಳದ ಕಡೆಗೆ ಇಳಿಜಾರಾಗಿರುವ ಒಂದು ಊರು. ಅಲ್ಲಿ ಬಹುಕಾಲ ಶಾಲಾ ಮಾಸ್ತರರಾಗಿದ್ದ ಗೃಹಸ್ಥರೊಬ್ಬರು ನಲವತ್ತು ವರುಷಗಳ ಹಿಂದೆ ತಮ್ಮ ಹಿತ್ತಿಲಿನಲ್ಲಿ ಒಂಬತ್ತು ಸಿಮೆಂಟು ಮೆಟ್ಟಿಲುಗಳನ್ನು ಹಾಕಿಸಿದರು. ಮೇಲೆ ಮನೆ, ಕೆಳಗೆ ದನದ ಕೊಟ್ಟಿಗೆ, ಬಣವೆ, ಒಂದು ನುಗ್ಗೆಯ ಮರ. ನಡುವೆ ನಾಲ್ಕೂವರೆ ಅಡಿಯ ಇಳುಕಲು. ಎರೆಭೂಮಿಯ ಮಳೆಗಾಲವನ್ನು ಕಂಡವರಿಗೆ ಆ ಇಳುಕಲಿನ ಕಷ್ಟವನ್ನು ವಿವರಿಸಿ ಹೇಳಬೇಕಾದುದಿಲ್ಲ. ಹತ್ತು ಹೆಜ್ಜೆ ನಡೆಯುವುದರೊಳಗೆ ಒಂದೊಂದು ಪಾದಕ್ಕೂ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳುತ್ತದೆ. ಹನ್ನೊಂದನೆಯ ಹೆಜ್ಜೆಗೆ ಕಾಲು ಜಾರುತ್ತದೆ. ತಲೆಯ ಮೇಲೆ ಸೆಗಣಿಯ ಬುಟ್ಟಿ ಹೊತ್ತು ದಿನಕ್ಕೆ ನಾಲ್ಕು ಬಾರಿ ಹತ್ತಿ ಇಳಿಯುವ ಹೆಂಡತಿ ಬೀಳಬಾರದೆಂದು ಮಾಸ್ತರರು ಮೆಟ್ಟಿಲು ಹಾಕಿಸಿದರು. ಆಗ ಆ ಓಣಿಯಲ್ಲಿ ಸಿಮೆಂಟಿನ ಹಿತ್ತಿಲು ಅವರದೊಂದೇ. ನೆರೆಯವರು ಬಂದು ನೋಡಿ ಹೋದರು.

ಅವರು ಗಣಿಸದೆ ಬಿಟ್ಟದ್ದು ನೆಲವನ್ನು. ಇದೇ ಜಿಲ್ಲೆಯ ಕಲಘಟಗಿಯ ಕಡೆಗಾದರೆ ಮಲೆನಾಡಿನ ಸೆರಗು, ಕೆಂಪು ಮಣ್ಣು. ಹಾಕಿದ ಕಲ್ಲು ಹಾಕಿದಲ್ಲಿ ಕೂಡುತ್ತದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಯ ಗುಣವೇ ಬೇರೆ. ಅದರೊಳಗಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಚೈತ್ರ-ವೈಶಾಖಗಳಲ್ಲಿ ಹೊಲದ ಬಿರುಕಿನೊಳಗೆ ಮೊಳಕೈಯವರೆಗೆ ಕೈ ಇಳಿಸಬಹುದು. ಶ್ರಾವಣದಲ್ಲಿ ಅದೇ ಬಿರುಕು ಎಲ್ಲಿತ್ತೆಂದು ಹುಡುಕಿದರೂ ಸಿಕ್ಕದು. ವರುಷಕ್ಕೊಮ್ಮೆ ಉಸಿರೆಳೆದು ಬಿಡುವ ಈ ನೆಲದ ಮೇಲೆ ಬಗ್ಗಲಾರದ ಸಿಮೆಂಟನ್ನು ಹಾಸಿದರೆ ಯಾರು ಸೋಲಬೇಕೆಂಬುದು ಮೊದಲೇ ತೀರ್ಮಾನವಾದ ಮಾತು.

ದೊಡ್ಡ ಎಂಜಿನಿಯರುಗಳೂ ಈ ಮಣ್ಣಿನ ಮುಂದೆ ಕೈಕಟ್ಟಿ ನಿಂತದ್ದುಂಟು. ಮಲಪ್ರಭಾ ಯೋಜನೆಯ ಕಾಲುವೆಗಳು ಇದೇ ಎರೆಯಲ್ಲಿ ಹಾದುಬರಬೇಕಾಗಿತ್ತು. ಮುಂಬಯಿ ಐ.ಐ.ಟಿ.ಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿಯವರು 1970ರ ದಶಕದಲ್ಲಿ ಇದಕ್ಕೊಂದು ಉಪಾಯವನ್ನು ಬೆಳೆಸಿದರು: ಎರೆಮಣ್ಣಿಗೂ ಅದರ ಮೇಲಣ ಕಟ್ಟಡಕ್ಕೂ ನಡುವೆ ಉಬ್ಬದೆ ಇರುವ, ಆದರೆ ಒಂದಕ್ಕೊಂದು ಅಂಟಿ ನಿಲ್ಲುವ ಬೇರೊಂದು ಮಣ್ಣನ್ನು ದಪ್ಪನಾಗಿ ಹಾಸುವುದು. ಮಲಪ್ರಭಾ ಕಾಲುವೆಯಲ್ಲಿಯೂ ಅದು ಬಳಕೆಗೆ ಬಂತು. ಹಳ್ಳಿಯ ಗೌಂಡಿಗಳು ಎರೆಯನ್ನು ತೋಡಿ ಗರಸು ತುಂಬಿದ ಮೇಲೆಯೇ ಕಲ್ಲಿಡುವುದರ ಹಿಂದೆಯೂ ಇಂಥದೇ ಅನುಭವ ಇದೆ. ಆದರೆ ಮನೆಯ ಪಾಯಕ್ಕೆ ತೋಡಿದಂತೆ ಹಿತ್ತಿಲ ಮೆಟ್ಟಿಲಿಗೆ ತೋಡುವವರು ಯಾರು?

ಹೀಗಾಗಿ ಮೂರನೆಯ ಮೆಟ್ಟಿಲು ಎಡಕ್ಕೆ ವಾಲಿತು; ಐದನೆಯದು ನಡುವೆ ಸೀಳಿತು; ಏಳನೆಯದರ ಅಡಿಯಲ್ಲಿ ನಾಲ್ಕು ಬೆರಳಿನ ಸಂದು ಬಿದ್ದು ಚೇಳುಗಳಿಗೆ ಮನೆಯಾಯಿತು. ಮಾಸ್ತರರು ಇದ್ದಷ್ಟು ದಿನ ವರುಷಕ್ಕೊಮ್ಮೆ ಸಿಮೆಂಟು ಮೆತ್ತಿಸುತ್ತಿದ್ದರು. ಅವರು ಹೋದ ಮೇಲೆ ಮೆತ್ತಿಸುವವರಿಲ್ಲ. ಎಪ್ಪತ್ತು ದಾಟಿದ ಮುದುಕಿ ಒಂದು ಮಳೆಯ ಮುಂಜಾನೆ ಮೂರನೆಯ ಮೆಟ್ಟಿಲಿನಲ್ಲಿ ಎಡವಿ ಬಿದ್ದು ಮುಂಗೈ ಮುರಿದುಕೊಂಡಳು.

ಹುಬ್ಬಳ್ಳಿಯ ಬ್ಯಾಂಕಿನಲ್ಲಿದ್ದ ಮಗ ಓಡಿಬಂದನು. ಇನ್ನು ಊರು ಬೇಡ, ಹುಬ್ಬಳ್ಳಿಗೆ ನಡೆ ಎಂದನು. ಆಕೆ ಒಪ್ಪಲಿಲ್ಲ. ಎಮ್ಮೆಯನ್ನು ಮಾರಬೇಕು, ಮನೆಗೆ ಬೀಗ ಹಾಕಬೇಕು, ಮೂರನೆಯ ಮಹಡಿಯ ಮನೆಯಲ್ಲಿ ಕಿಟಕಿಯ ಮುಂದೆ ಕೂತಿರಬೇಕು. ವಾದ ಬೆಳೆಯಿತು. ಕೊನೆಗೆ ಅವನು ಮೆಟ್ಟಿಲುಗಳನ್ನು ರಿಪೇರಿ ಮಾಡಿಸಿ ಪಕ್ಕದಲ್ಲಿ ಕಬ್ಬಿಣದ ಕಂಬಿ ಹಾಕಿಸುವ ಮಾತಿಗೆ ಇಳಿದನು.

“ಕಂಬಿ ಯಾಕ? ಅವನ್ನ ಕಿತ್ತು ಒಗಿಸು,” ಎಂದಳು ತಾಯಿ.

“ಅಪ್ಪಾ ಹಾಕಿಸಿದ್ದಬೇ ಅವು.”

“ನಿಮ್ಮಪ್ಪ ಹಾಕಿಸಿದ್ದು ನಾ ಬೀಳಬಾರದು ಅಂತ. ಈಗ ಅವುಗಳ ಸಲುವಾಗೇ ಬಿದ್ದೇನಿ. ಇನ್ನ ಯಾರ ಸಲುವಾಗಿ ಇಟಗೊಳ್ಳೂದು, ತಮ್ಮಾ?”

ಲೋಕದಲ್ಲಿ ಹಳೆಯ ವಸ್ತುಗಳಿಗೆ ಅಂಟಿಕೊಳ್ಳುವವರು ಮುದುಕರು, ಕಿತ್ತೊಗೆಯುವವರು ಹುಡುಗರು ಎಂದು ಹೇಳುವುದುಂಟು. ಇಲ್ಲಿ ಅದು ತಿರುವುಮುರುವಾಯಿತು. ಮೆಟ್ಟಿಲುಗಳನ್ನು ದಿನವೂ ತುಳಿದವಳಿಗೆ ಅವು ಮೆಟ್ಟಿಲುಗಳು ಮಾತ್ರ. ವರುಷಕ್ಕೆರಡು ಬಾರಿ ಬಂದು ನೋಡಿ ಹೋಗುವವನಿಗೆ ಅವು ತಂದೆ.

ಕೆಲಸ ಮೇ ತಿಂಗಳಲ್ಲಿ, ರೋಹಿಣಿ ಮಳೆ ಕೂಡುವುದಕ್ಕೆ ಮೊದಲು ನಡೆಯಿತು. ಗೌಂಡಿ ಹಳೆಯ ಮನುಷ್ಯ. ಮಗ ಕೆಳಗಿನಿಂದ ಕೀಳೋಣವೆಂದಾಗ ಅವನು ತಲೆಯಾಡಿಸಿದನು. “ಕೆಳಗಿಂದು ತಗದರ ಮ್ಯಾಲಿನವು ಕಾಲ ಮ್ಯಾಲ ಬರ್ತಾವ್ರಿ ಸಾಹೇಬ್ರ.” ನಾಲ್ಕಡಿ ಅಗಲ, ಒಂದಡಿ ಉದ್ದ, ಅರ್ಧ ಅಡಿ ದಪ್ಪದ ಒಂದೊಂದು ಮೆಟ್ಟಿಲೂ ಸುಮಾರು 135 ಕಿಲೊ ತೂಗುತ್ತದೆ, ಒಂಬತ್ತು ಸೇರಿದರೆ ಹನ್ನೆರಡು ಕ್ವಿಂಟಲು. ಉರುಳುವುದಕ್ಕೆ ಬಿಟ್ಟರೆ ಕೊಟ್ಟಿಗೆಯವರೆಗೂ ತಡೆಯಿಲ್ಲ. ಆದುದರಿಂದ ಮೇಲಿನಿಂದಲೇ ತೊಡಗಿದರು. ಬಿರುಕಿಗೆ ಹಾರೆಯ ತುದಿಯನ್ನು ಕೊಟ್ಟು ಮೀಟುವುದು, ಸಡಿಲಾದ ತುಂಡನ್ನು ಸುತ್ತಿಗೆಯಿಂದ ಇಬ್ಬರು ಎತ್ತುವಷ್ಟಕ್ಕೆ ಒಡೆಯುವುದು. ಅರ್ಧ ಕೆಲಸವನ್ನು ಎರೆಮಣ್ಣೇ ನಲವತ್ತು ವರುಷಗಳಲ್ಲಿ ಮುಗಿಸಿ ಇಟ್ಟಿತ್ತು.

ಮೆಟ್ಟಿಲು ಎತ್ತಿದಾಗ ಕಂಡದ್ದು ನೋಡತಕ್ಕದ್ದಾಗಿತ್ತು. ಸುತ್ತಲಿನ ನೆಲ ಬಾಯಿಬಿಟ್ಟು ಒಣಗಿದ್ದರೂ ಮೆಟ್ಟಿಲಿನ ನಡುಭಾಗದ ಅಡಿಯ ಮಣ್ಣು ಆ ಬಿರುಬೇಸಿಗೆಯಲ್ಲಿಯೂ ಕಪ್ಪಾಗಿ ತಂಪಾಗಿತ್ತು. ಸಿಮೆಂಟಿನ ಮುಚ್ಚಳದಡಿಯ ನೀರು ಆರಲಾರದು. ಅಂಚಿನ ನೀರು ಆರಿಹೋಗುತ್ತದೆ. ನಡುವೆ ಉಬ್ಬು, ಅಂಚಿಗೆ ಕುಗ್ಗು: ಕಲ್ಲು ಸೀಳದೆ ಏನು ಮಾಡೀತು? ವರುಷವರುಷವೂ ಮೇಲೆ ಮೆತ್ತಿದ ಸಿಮೆಂಟೆಲ್ಲ ವ್ಯರ್ಥವಾದುದಕ್ಕೆ ಕಾರಣ ಅಡಿಯಲ್ಲಿತ್ತು. ಮಗ ಆ ತಂಪು ಮಣ್ಣನ್ನು ಬಹಳ ಹೊತ್ತು ನೋಡುತ್ತ ನಿಂತನು.

ಎಂಟು ಮೆಟ್ಟಿಲು ಕಿತ್ತರು. ಎಲ್ಲಕ್ಕೂ ಕೆಳಗಿನದನ್ನು, ಇಳುಕಲಿನ ಬುಡಕ್ಕೆ ಒತ್ತಾಗಿರಲೆಂದು, ಗೌಂಡಿ ಮುಟ್ಟಗೊಡಲಿಲ್ಲ. ಮುಂದಿನ ಪ್ರಶ್ನೆ ಮುದುಕಿ ಇಳಿಯುವುದು ಹೇಗೆ ಎಂಬುದು. ಕೈಗಾಡಿ ಕುರ್ಚಿಯವರಿಗೂ ಅನುಕೂಲವಾಗುವಂತೆ ಒಂದು ಅಡಿ ಏರಿಗೆ ಹನ್ನೆರಡು ಅಡಿ ಉದ್ದದ ದಾರಿ ಬೇಕೆಂದು ಇಂದಿನ ಕಟ್ಟಡ ಶಾಸ್ತ್ರ ಹೇಳುತ್ತದೆ. ಆ ಲೆಕ್ಕದಲ್ಲಿ ನಾಲ್ಕೂವರೆ ಅಡಿಗೆ 54 ಅಡಿ. ಹಿತ್ತಿಲಿನ ಅಗಲವೇ 30 ಅಡಿ. ಆಗ ತಾಯಿ ಎಮ್ಮೆಯ ಕಡೆಗೆ ಬೆರಳು ತೋರಿಸಿದಳು. ದನಗಳು ಗುಡ್ಡವನ್ನು ಎಂದಾದರೂ ನೆಟ್ಟಗೆ ಇಳಿಯುತ್ತವೆಯೆ? ಓರೆಯಾಗಿ ಹೋಗಿ ತಿರುಗಿ ಬರುತ್ತವೆ. ಹಾಗೆಯೇ 27 ಅಡಿ ಅತ್ತ, 27 ಅಡಿ ಇತ್ತ, ನಡುವೆ ಒಂದು ತಿರುವು ಮಾಡಿ, ಎರೆಯನ್ನು ಒಂದು ಅಡಿ ತೆಗೆದು ಗರಸು ತುಂಬಿ ಕುಟ್ಟಿದರು. ಒಡೆದ ಸಿಮೆಂಟು ತುಂಡುಗಳನ್ನು ಹಳ್ಳಕ್ಕೆ ಸುರಿಯದೆ ದಾರಿಯ ಕೆಳಅಂಚಿಗೆ, ನೀರು ಹರಿಯುವಷ್ಟು ಸಂದು ಬಿಟ್ಟು, ಸಾಲಾಗಿ ಹೂಳಿದರು. ಎರೆಯಲ್ಲಿ ನೀರನ್ನು ಕಟ್ಟಿ ನಿಲ್ಲಿಸುವುದು ಅಪಾಯ, ನಿಧಾನವಾಗಿ ದಾಟಿಸಬೇಕು.

ಮೆಟ್ಟಿಲು ಹೋದ ಬೋಳು ನೆಲಕ್ಕೆ ಏನು ಹೊದಿಸುವುದು? ಗುಂಡ್ಲುಪೇಟೆಯ ಕಡೆಯ ರೈತರು ತಲೆಮಾರುಗಳಿಂದ ಹೊಲದ ಅಂಚಿಗೆ ಲಾವಂಚದ ಸಾಲು ಬೆಳೆಸಿ ಮಣ್ಣು ಹಿಡಿದಿಟ್ಟುಕೊಂಡು ಬಂದಿದ್ದಾರೆ. ಮಗನಿಗೆ ಅದು ಮನಸ್ಸಿಗೆ ಬಂದಿತ್ತು. ಮುದುಕಿ ಮಾತ್ರ ಕರಿಕೆಯೇ ಸಾಕೆಂದಳು. ಗೌಂಡಿ ನಕ್ಕುಬಿಟ್ಟನು. ಎರೆಹೊಲದ ರೈತನಿಗೆ ಕರಿಕೆಗಿಂತ ದೊಡ್ಡ ಶತ್ರು ಇಲ್ಲ; ಆಳಕ್ಕೆ ಇಳಿದ ಅದರ ಬೇರನ್ನು ಅಗೆದು ತೆಗೆಯುವುದರಲ್ಲಿ ಎಷ್ಟೋ ಮನೆತನಗಳ ಬೇಸಿಗೆಗಳು ಕಳೆದಿವೆ. ಬಿಡದೆ ಹಿಡಿಯುವ ಆ ಗುಣವೇ ಇಳುಕಲಿಗೆ ಬೇಕಾದದ್ದು. ಗಣಪತಿಗೆ ಏರಿಸುವ ಹುಲ್ಲೆಂಬ ಗೌರವ ಬೇರೆ.

ಮೊದಲ ಮಳೆಗೆ ತುಂಬಿದ ಮಣ್ಣು ಎರಡು ಕಡೆ ಗೇಣುದ್ದ ಕುಸಿಯಿತು. ಮಗ ಹುಬ್ಬಳ್ಳಿಯಿಂದ ಫೋನಿನಲ್ಲಿ ಗಾಬರಿಯಾದನು. ಗೌಂಡಿ ಬಂದು ಇನ್ನೆರಡು ಬುಟ್ಟಿ ಮಣ್ಣು ಹಾಕಿ ತುಳಿದು, ಶ್ರಾವಣ ಮುಗಿದ ಮೇಲೆ ಇನ್ನೊಮ್ಮೆ ಹಾಕಬೇಕಾದೀತೆಂದು ಹೇಳಿಹೋದನು. ಮಹಾನವಮಿಯ ಹೊತ್ತಿಗೆ ಕರಿಕೆ ಹಬ್ಬಿತು. ಕೆಳಗಿನ ಬದನೆಯ ಮಡಿಗೂ ನುಗ್ಗಿತು. ಈಗ ಮುದುಕಿ ಸಂಜೆಯ ಹೊತ್ತು ಓರೆದಾರಿಯಲ್ಲಿ ಇಳಿದುಹೋಗಿ, ಉಳಿದ ಒಂದು ಮೆಟ್ಟಿಲಿನ ಮೇಲೆ ಕೂತು, ಸರಿಹೋದ ಕೈಯಲ್ಲಿ ಕುರ್ಚಿಗಿ ಹಿಡಿದು ಆ ಮಡಿಯ ಕರಿಕೆಯನ್ನು ಬೈಯುತ್ತ ಕೀಳುತ್ತಾಳೆ.