ಕಿಡಿ ಇದೆ, ಬೆಂಕಿಯಿಲ್ಲ

ಗುಜರಾತಿನಲ್ಲಿ ಚಳಿ ಎಲ್ಲಿಯದು ಎಂದುಕೊಂಡು ಬೆಂಗಳೂರಿನಲ್ಲೇ ಸ್ವೆಟರ್ ಬಿಟ್ಟು ಬಂದವನು ನಾನು. ಮೊದಲ ಜನವರಿಯಲ್ಲೇ ಅಹಮದಾಬಾದ್ ಬುದ್ಧಿ ಕಲಿಸಿತು. ಹೊತ್ತಿಕೊಳ್ಳದ ಯಂತ್ರಗಳ ಪಾಠ ಶುರುವಾದದ್ದೂ ಅಲ್ಲಿಂದಲೇ.

ಉತ್ತರಾಯಣದ ಹಿಂದಿನ ಬೆಳಿಗ್ಗೆ. ಸ್ಯಾಟಲೈಟ್ ಬಡಾವಣೆಯ ನಮ್ಮ ಸೊಸೈಟಿಯಲ್ಲಿ ಕರೆಂಟ್ ಹೋಗುವುದೇ ಅಪರೂಪ. ಅವತ್ತು ಹೋಯಿತು. ತಿಂಗಳುಗಟ್ಟಲೆ ಮಲಗಿದ್ದ ಡೀಸೆಲ್ ಜನರೇಟರ್ ಏಳಲಿಲ್ಲ. ‘ನೀವು ಇಂಜಿನಿಯರ್ ಅಲ್ವಾ?’ ಎಂದು ಕಾರ್ಯದರ್ಶಿ ನನ್ನನ್ನೇ ಕೆಳಗೆ ಕರೆದರು. ಸಾಫ್ಟ್‌ವೇರ್‌ನವನು ಎಂದು ಹೇಳುವ ಧೈರ್ಯ ಬರಲಿಲ್ಲ. ಸ್ವಿಚ್ ಒತ್ತಿ, ಮತ್ತೆ ಒತ್ತಿ, ಇದ್ದ ಬ್ಯಾಟರಿಯನ್ನೂ ಇಳಿಸಿಬಿಟ್ಟೆ.

ಬಂದ ಮೆಕ್ಯಾನಿಕ್ ಕಾಕಾ ಇನ್ನೊಂದು ಬ್ಯಾಟರಿ ಜೋಡಿಸಿ, ಒಮ್ಮೆ ತಿರುಗಿಸಿ, ಇಂಜಿನ್ ಬಿಟ್ಟು ಹೊಗೆ ಕೊಳವೆಯನ್ನೇ ನೋಡಿದರು. ‘ಬ್ಯಾಟರೀನೋ ವಾಂಕ್ ನಥೀ’ ಅಂದರು. ಬ್ಯಾಟರಿಯ ತಪ್ಪಲ್ಲ. ಡೀಸೆಲ್ ಇಂಜಿನ್ನಿಗೆ ಕಿಡಿ ಬೇಕಿಲ್ಲ. ಗಾಳಿಯನ್ನು ಹದಿನೈದು ಇಪ್ಪತ್ತು ಪಟ್ಟು ಒತ್ತಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತುತ್ತದೆ. ತಿರುಗಿಸಿದಾಗ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ ಎಂದರ್ಥ. ಆಗ ಚಳಿಯನ್ನೋ ಗ್ಲೋ ಪ್ಲಗ್ಗನ್ನೋ ಸವೆದ ರಿಂಗನ್ನೋ ಅನುಮಾನಿಸಬೇಕು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪಿಯೇ ಇಲ್ಲ. ನಮ್ಮದು ಎರಡನೆಯದು. ಟ್ಯಾಂಕ್ ಖಾಲಿಯಾದ ಮೇಲೆ ಯಾರೋ ಕ್ಯಾನಿನಿಂದ ತುಂಬಿಸಿದ್ದರು, ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿತ್ತು. ಕಾಕಾ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪ್ ಒತ್ತುತ್ತಾ ಹೋದರು. ಮೊದಲು ನೊರೆ, ಆಮೇಲೆ ಗುಳ್ಳೆಯಿಲ್ಲದ ಡೀಸೆಲ್. ಸ್ಕ್ರೂ ಬಿಗಿದು ಸ್ವಿಚ್ ಒತ್ತಿದರು, ಇಂಜಿನ್ ಎದ್ದಿತು. ಹೋಗುವಾಗ ಒಂದು ಮಾತು ಹೇಳಿದರು: ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸಬೇಡಿ, ಸ್ಟಾರ್ಟರ್ ಸುಟ್ಟೀತು.

ಮರುವರ್ಷ ಕೆಲಸ ವಡೋದರಾಕ್ಕೆ ಎಳೆಯಿತು. ಎಕ್ಸ್‌ಪ್ರೆಸ್‌ವೇಯಲ್ಲಿ 93 ಕಿಲೋಮೀಟರ್, ನಡುವೆ ಮಹೀ ನದಿ. ಇದು ಎಣ್ಣೆ, ಗ್ಯಾಸಿನ ಊರು. ಪಕ್ಕದ ಕೊಯಲಿ ರಿಫೈನರಿ 1965ರದು. 1972ರಿಂದಲೇ ಇಲ್ಲಿನ ಮನೆಗಳಿಗೆ ಪೈಪಿನಲ್ಲಿ ಗ್ಯಾಸ್ ಬರುತ್ತಿದೆ. ಅಂಥ ಊರಿನಲ್ಲಿ ನಮ್ಮ ಗೀಸರ್ ಮುಷ್ಕರ ಹೂಡಿತು. ಬೆಂಗಳೂರಿನಿಂದ ಹೊತ್ತು ತಂದದ್ದು. ನಲ್ಲಿ ತಿರುಗಿಸಿದರೆ ಟಿಕ್ ಟಿಕ್ ಸದ್ದು, ಜ್ವಾಲೆ ಮಾತ್ರ ಇಲ್ಲ. ಎರಡು ಸಲ ಸೆಲ್ ಬದಲಾಯಿಸಿದೆ.

ರಿಪೇರಿಯ ಹುಡುಗ ನಕ್ಕ. ಸದ್ದೇ ಬರದಿದ್ದರೆ ಸೆಲ್ ಸತ್ತಿರಬೇಕು, ಇಲ್ಲವೇ ನೀರಿನ ಒತ್ತಡ ಸಾಲದೆ ಒಳಗಿನ ಸ್ವಿಚ್ ಒತ್ತಿಲ್ಲ. ಸದ್ದು ಬಂದೂ ಹೊತ್ತದಿದ್ದರೆ ಗ್ಯಾಸ್ ನೋಡಬೇಕು. ನಮ್ಮದು ಸಿಲಿಂಡರಿನ ಗೀಸರ್. ಸಿಲಿಂಡರ್ ಗ್ಯಾಸ್ ಸುಮಾರು 30 ಮಿಲಿಬಾರ್ ಒತ್ತಡದಲ್ಲಿ ಬರುತ್ತದೆ, ಪೈಪಿನದು ಸುಮಾರು 21ರಲ್ಲಿ. ಅಷ್ಟೇ ಗಾತ್ರದ ಪೈಪ್ ಗ್ಯಾಸಿನಲ್ಲಿ ಕಾವೂ ಕಡಿಮೆ. ಹಾಗಾಗಿ ಜೆಟ್ಟಿನ ತೂತು ದೊಡ್ಡದಿರಬೇಕು. ‘ತೂತು ಕೊರೆದುಬಿಡಪ್ಪ’ ಅಂದೆ. ಅವನು ಖಡಾಖಂಡಿತ ಒಲ್ಲೆನೆಂದ: ಹೊತ್ತುತ್ತದೆ ಸಾಹೇಬ್, ಆದರೆ ಸರಿಯಾಗಿ ಉರಿಯುವುದಿಲ್ಲ. ಎರಡೂ ಬೇರೆ ಬೇರೆ.

ಆ ಮಾತಿನ ತೂಕ ತಿಳಿದದ್ದು ಸೂರತ್‌ನಲ್ಲಿ. ನರ್ಮದೆ ದಾಟಿ, ಅಂಕಲೇಶ್ವರ ದಾಟಿ, ತಾಪಿಯ ದಡದ ಅಡಾಜಣ್‌ನಲ್ಲಿರುವ ಧಾರವಾಡದ ಗೆಳೆಯನ ಮನೆಗೆ ಹೋಗಿದ್ದೆವು. ಅವರ ಗೀಸರ್ ಬಚ್ಚಲಿನ ಒಳಗೇ ಇತ್ತು, ಒಂದೇ ಕಿಡಿಗೆ ಭಗ್ಗೆಂದು ಹೊತ್ತಿತು. ನಮ್ಮನೆಯದೂ ಹೀಗಿರಬಾರದೇ ಎಂದೆ. ರಾತ್ರಿ ನನ್ನ ಮಗಳು ಸ್ನಾನಕ್ಕೆ ಹೋದಳು. ‘ಪುಟ್ಟಿ, ಆಯ್ತೇನೇ?’ ಎಂದು ಹೆಂಡತಿ ಎರಡು ಸಲ ಕೂಗಿದರೂ ಉತ್ತರವಿಲ್ಲ. ಚಿಲಕ ಹಾಕಿರಲಿಲ್ಲ, ಅದೇ ಪುಣ್ಯ. ಬಾಗಿಲು ತಳ್ಳಿದರೆ ಗೋಡೆಗೊರಗಿ ಕೂತಿದ್ದಳು. ‘ತಲೆ ತಿರುಗ್ತಿದೆ ಅಮ್ಮಾ’ ಅಂದಳು. ಎತ್ತಿಕೊಂಡು ಬಾಲ್ಕನಿಗೆ, ಅಲ್ಲಿಂದ ಆಸ್ಪತ್ರೆಗೆ. ಆಮ್ಲಜನಕ ಕೊಟ್ಟರು, ಬೆಳಗಿನ ಹೊತ್ತಿಗೆ ಗೆಲುವಾದಳು.

ವಾಪಸು ಬಂದು ನೋಡಿದರೆ ವೆಂಟಿಲೇಟರಿಗೆ ರಟ್ಟು. ‘ಸೊಳ್ಳಿ ಬರ್ತಾವಲೇ’ ಅಂತ ಗೆಳೆಯನೇ ಹಚ್ಚಿದ್ದ. ಗೀಸರಿನ ಮೇಲೆ ಮಸಿ. ನೀಲಿ ಇರಬೇಕಾದ ಜ್ವಾಲೆ ಹಳದಿ. ಗಾಳಿ ಸಾಲದೆ ಉರಿದಾಗ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ರಕ್ತದಲ್ಲಿ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುವ ವಿಷ. ಗ್ಯಾಸ್ ಸೋರಿದರೆ ಮೂಗಿಗೆ ಗೊತ್ತಾಗಲೆಂದು ವಾಸನೆ ಬೆರೆಸಿರುತ್ತಾರೆ. ಈ ವಿಷಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮರುದಿನವೇ ಗೀಸರ್ ಬಚ್ಚಲಿನಿಂದ ಹೊರಗೆ, ತೆರೆದ ಬಾಲ್ಕನಿಗೆ ಹೋಯಿತು. ಗೆಳೆಯ ಆ ರಟ್ಟನ್ನು ಹರಿದು ಬಹಳ ಹೊತ್ತು ಕೈಯಲ್ಲೇ ಹಿಡಿದು ನಿಂತಿದ್ದ.

ಊರಿನ ಬಚ್ಚಲೊಲೆಗೆ ಅಮ್ಮ ಬೆಂಕಿ ಹಾಕುವ ಮೊದಲು ಹೊಗೆ ಹೋಗುವ ಕಿಂಡಿ ನೋಡುತ್ತಿದ್ದಳು. ನೋಡದೆ ಹಾಕಿದರೂ ಕಣ್ಣುರಿ ಎಚ್ಚರಿಸುತ್ತಿತ್ತು. ಫ್ಲ್ಯಾಟಿನ ಗೀಸರ್ ಹಾಗೆ ಎಚ್ಚರಿಸುವುದಿಲ್ಲ. ಹೊತ್ತದ ಗೀಸರ್ ನನ್ನಿಂದ ಹೆಚ್ಚೆಂದರೆ ಒಂದು ತಣ್ಣೀರು ಸ್ನಾನ ಮಾಡಿಸಿತ್ತು. ಸಲೀಸಾಗಿ ಹೊತ್ತಿದ್ದೇ ಮಗಳನ್ನು ಕಸಿಯಲು ಹೊರಟಿತ್ತು.

ಈಗ ಯಾರ ಮನೆಗೆ ಹೋದರೂ ನಾನು ಮೊದಲು ಬಚ್ಚಲಿನ ಕಿಟಕಿ ನೋಡುತ್ತೇನೆ. ನಗುವವರು ನಗಲಿ. ಪುಣೆಯೋ ಮುಂಬೈಯೋ ದೆಹಲಿಯೋ, ಎಲ್ಲೇ ಇರಿ, ಇವತ್ತು ಸಂಜೆ ನಿಮ್ಮ ಬಚ್ಚಲಿನ ವೆಂಟಿಲೇಟರಿಗೆ ಏನು ಅಡ್ಡ ಇಟ್ಟಿದ್ದೀರಿ, ಒಮ್ಮೆ ನೋಡಿ.