ಭೂದಾರನ ಊಟ

ಸಂಸ್ಕೃತ ಪಾಠಶಾಲೆಗೆ ಸೇರಿದ ವಟುವು ಅಮರಕೋಶದ ಸಿಂಹಾದಿವರ್ಗವನ್ನು ಬಾಯಿಪಾಠ ಮಾಡುವಾಗ ಹಂದಿಯ ಹನ್ನೆರಡು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿಬಿಡುವನು. ಅರ್ಥದ ಗೋಜು ಅವನಿಗಿಲ್ಲ. ಗುರುಗಳ ಕೈಯಲ್ಲಿರುವ ಬೆತ್ತದ ಕಡೆಗೇ ಲಕ್ಷ್ಯ. ಆದರೆ ಆ ಹೆಸರುಗಳನ್ನು ಬಿಡಿಸಿ ನೋಡಿದರೆ ಪ್ರಾಚೀನರು ಈ ಪ್ರಾಣಿಯ ಊಟವನ್ನು ಎಷ್ಟು ಹತ್ತಿರದಿಂದ ನೋಡಿದ್ದರೆಂಬುದು ತಿಳಿಯುವುದು. ಘೋಣೀ ಎಂದರೆ ಮೂಗೇ ಮುಖ್ಯವಾಗಿ ಉಳ್ಳದ್ದು. ಪೋತ್ರೀ ಎಂದರೆ ಪೋತ್ರವುಳ್ಳದ್ದು. ಪೋತ್ರವೆಂಬ ಶಬ್ದವನ್ನು ಪಾಣಿನಿಯು ನೇಗಿಲಿನ ಮೂತಿಗೂ ಹಂದಿಯ ಮೂತಿಗೂ ಒಟ್ಟಿಗೇ ಸಾಧಿಸಿಕೊಟ್ಟಿದ್ದಾನೆ. ಕಟ್ಟಕಡೆಯ ಹೆಸರು ಭೂದಾರ, ನೆಲವನ್ನು ಸೀಳುವುದು.

ಪಾವಗಡದ ಕಡಲೆಕಾಯಿ ಬೆಳೆಗಾರನು ಕೋಶವನ್ನು ಓದದೆಯೇ ಈ ಹೆಸರಿನ ಅರ್ಥವನ್ನು ಬಲ್ಲನು. ಕಾಯಿ ಬಲಿಯುವ ಕಾಲದಲ್ಲಿ ಒಂದು ರಾತ್ರಿ ಕಾವಲು ತಪ್ಪಿತೆಂದರೆ ಕಾಡುಹಂದಿಯ ಹಿಂಡು ಬೆಳಗಾಗುವುದರೊಳಗೆ ಹೊಲವನ್ನು ಉತ್ತುಹೋಗಿರುವುದು. ಮಣ್ಣಿನಲ್ಲಿ ಅಡಗಿದ ಕಾಯಿಯನ್ನು ಅದಕ್ಕೆ ತೋರಿಸಿಕೊಡುವುದು ಮೂಗು. ಮೂತಿಯ ತುದಿಯಲ್ಲಿ ಬಿಲ್ಲೆಯಂಥ ಗಟ್ಟಿಯಾದ ಭಾಗವೂ, ಅದಕ್ಕೆ ಆಸರೆಯಾಗಿ ಒಳಗೊಂದು ಪುಟ್ಟ ಎಲುಬೂ ಉಂಟು. ಮೂಸುವುದು, ಮುಟ್ಟಿ ನೋಡುವುದು, ಅಗೆಯುವುದು ಎಲ್ಲವೂ ಅದರಿಂದಲೇ. ಬಾಯಲ್ಲಿ 44 ಹಲ್ಲುಗಳು. ಗಡ್ಡೆ, ಕಾಳು, ಹುಳು, ಸೊಪ್ಪು, ಸತ್ತ ಪ್ರಾಣಿ, ಯಾವುದನ್ನೂ ಒಲ್ಲೆನೆನ್ನದು. ಆದರೆ ದನಕುರಿಗಳಿಗಿರುವ ಮೆಲುಕು ಹಾಕುವ ಹೊಟ್ಟೆಯನ್ನು ಸೃಷ್ಟಿಯು ಇದಕ್ಕೆ ಕೊಡಲಿಲ್ಲ. ಮನುಷ್ಯನಂತೆ ಒಂದೇ ಜಠರ. ಬರೀ ಹುಲ್ಲಿನಲ್ಲಿ ಬೆಳೆಯಲಾರದು. ಆದಕಾರಣ ಮನುಷ್ಯನು ತಿನ್ನುವುದನ್ನೇ ಅದೂ ತಿನ್ನಬೇಕು, ಇಲ್ಲವೆ ಅವನು ಬಿಸಾಡಿದ್ದನ್ನು ತಿನ್ನಬೇಕು. ಹಂದಿ ಸಾಕುವವನ ಕಷ್ಟವೆಲ್ಲ ಇಲ್ಲಿಂದಲೇ ಪ್ರಾರಂಭ.

ಊರಹಂದಿಯು ಈ ಕಷ್ಟವನ್ನು ತನ್ನ ಕಾಲುಗಳಿಂದಲೇ ಪರಿಹರಿಸಿಕೊಂಡಿದೆ. ಕರಿಯ ಮೈ, ಬಿರುಸಾದ ಕೂದಲು, ನೀಳವಾದ ಮೂತಿ. ಬೆಳಗಾದೊಡನೆ ಹೊರಟು ತಿಪ್ಪೆ, ಚರಂಡಿ, ಸಂತೆಮಾಳ, ಕೆರೆಯಂಗಳಗಳನ್ನು ಸುತ್ತುವುದು. ನೀರಿಳಿದ ಕೆರೆಯಂಗಳದಲ್ಲಿ ಕೊನ್ನಾರಿಗಡ್ಡೆ ಸಿಕ್ಕಿತೆಂದರೆ ಅದಕ್ಕೆ ಹಬ್ಬ. ಸಾಕಿದವನ ಖರ್ಚು ಅತ್ಯಲ್ಪ, ಆದಾಯವೂ ಹಾಗೆಯೇ. ಒಂದು ಸೂಲಿಗೆ ಐದಾರು ಮರಿ. ವರ್ಷ ಕಳೆದರೂ ಮೈ ತುಂಬದು. ಇದಕ್ಕೆ ವಿರುದ್ಧವಾದುದು ಸೀಮೆಹಂದಿ. ಇಂಗ್ಲೆಂಡಿನ ಬಿಳಿಯ ಯಾರ್ಕ್‌ಷೈರ್, ಡೆನ್ಮಾರ್ಕಿನ ಲ್ಯಾಂಡ್ರೇಸ್, ಅಮೆರಿಕೆಯ ಕೆಂಪು ಡ್ಯೂರಾಕ್ ಇವು ಸೂಲಿಗೆ ಒಂಬತ್ತು ಹತ್ತು ಮರಿಗಳನ್ನು ಹಾಕಿ, ಚೆನ್ನಾಗಿ ಸಾಕಿದರೆ ಏಳೆಂಟು ತಿಂಗಳಲ್ಲಿ 90 ಕಿಲೋ ತೂಗುವುವು. ಆದರೆ ಒಂದು ಕಿಲೋ ಮೈ ಬೆಳೆಯುವುದಕ್ಕೆ ಮೂರು ಮೂರೂವರೆ ಕಿಲೋ ಆಹಾರ ಬೇಕು. ಅಂದರೆ ಒಂದೊಂದು ಹಂದಿಗೆ ಸುಮಾರು 250ರಿಂದ 300 ಕಿಲೋ ಜೋಳ, ತೌಡು, ಹಿಂಡಿಗಳನ್ನು ಯಾರಾದರೂ ಹೊತ್ತು ತಂದು ಮುಂದಿಡಬೇಕು.

ಒಂದು ವಿಷಯದಲ್ಲಿ ಮಾತ್ರ ಎರಡು ಕುಲಗಳಿಗೂ ಭೇದವಿಲ್ಲ. ಹುಟ್ಟಿದ ಕೆಲವೇ ದಿನಗಳಲ್ಲಿ ಮರಿಗಳು ಕಾದಾಡಿ ತಮ್ಮ ತಮ್ಮ ಮೊಲೆಗಳನ್ನು ಗೊತ್ತುಮಾಡಿಕೊಳ್ಳುವುವು. ಆಮೇಲೆ ಆ ಪಂಕ್ತಿಯು ಸಾಮಾನ್ಯವಾಗಿ ಬದಲಾಗದು. ಹಾಲು ಹೆಚ್ಚಾಗಿ ಬರುವ ಮುಂದಿನ ಸ್ಥಾನಗಳು ಬಲಿಷ್ಠರಿಗೆ. ತಾಯಿಯು ಗಂಟೆಗೊಮ್ಮೆ ಗುರುಗುಟ್ಟಿ ಕರೆಯುವಳು. ಹಾಲು ಸುರಿಯುವುದು ಅರ್ಧ ನಿಮಿಷಕ್ಕೂ ಕಡಿಮೆ. ತಡವಾಗಿ ಬಂದವನಿಗೆ ಆ ಹೊತ್ತು ಉಪವಾಸವೇ. ಸಮಾರಾಧನೆಯ ಪಂಕ್ತಿಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಊರಹಂದಿಯು ಈ ಸೀಮೆಗೆ ಒಗ್ಗಿದ್ದು, ಬಿಳಿಯದು ಒಗ್ಗದ್ದು ಎಂದು ಜನರು ಹೇಳುವುದುಂಟು. ಇದು ಅರ್ಧಸತ್ಯ. ಬಿಳಿಯ ಹಂದಿಯು ಕೇರಳದಲ್ಲಿ ಬಾಳುತ್ತದೆ, ಅಸ್ಸಾಮಿನಲ್ಲಿಯೂ ಬಾಳುತ್ತದೆ. ಹಂದಿಗಳಲ್ಲಿ ಬೆವರಿ ಮೈ ತಣಿಸಿಕೊಳ್ಳುವ ಶಕ್ತಿ ಬಹಳ ಕಡಿಮೆ; ಕೆಸರಿನಲ್ಲಿ ಹೊರಳುವುದು ಕೊಳಕುತನದಿಂದಲ್ಲ, ಪ್ರಾಣರಕ್ಷಣೆಗಾಗಿ. ಬಿಳಿಯದರ ಚರ್ಮವು ಬಿಸಿಲಿಗೆ ಸುಡುವುದು, ಸೆಖೆ ಏರಿದಂತೆ ಅದು ಮೇವನ್ನು ಬಿಡುವುದು. ನೆರಳೂ ನೀರೂ ಇದ್ದರೆ ಒಗ್ಗುವುದು. ಅದು ಒಗ್ಗದೆ ಇರುವುದು ಹಸಿವಿಗೆ.

ನೀರಿನ ಮಾತು ಬಂದರೆ ನಾಲ್ಕು ತಾಲ್ಲೂಕುಗಳೂ ಒಂದೇ ಅಲ್ಲ. ಕೊರಟಗೆರೆಯಲ್ಲಿ ಜಯಮಂಗಲಿಯ ಬಯಲೂ ಅಡಕೆ ತೋಟಗಳ ತಂಪೂ ಉಂಟು. ಮಧುಗಿರಿ, ಶಿರಾ ದಾಟಿ ಪಾವಗಡದ ಕಡೆಗೆ ಹೋದಂತೆ ಬಂಡೆಯೂ ಬಯಲೂ ಹೆಚ್ಚುತ್ತವೆ. ಮರಿಯೂಡುವ ಒಂದು ದೊಡ್ಡ ಹಂದಿಗೆ ದಿನಕ್ಕೆ 20 ಲೀಟರಿಗೆ ಕಡಿಮೆಯಿಲ್ಲದ ನೀರು ಬೇಕು. ಕುಡಿಯುವ ನೀರಿಗೆ ಕೊಡಗಳ ಸಾಲು ನಿಲ್ಲುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಮೇಲಾಗಿ ಹೋಟೆಲಿನ ಎಂಜಲನ್ನವನ್ನು, ಅಂದರೆ ಉಪ್ಪು, ಸಾರು, ಉಪ್ಪಿನಕಾಯಿಗಳು ಬೆರೆತುದನ್ನು, ತಿನ್ನಿಸಿ ನೀರನ್ನು ಕೊಡದಿದ್ದರೆ ಆ ಉಪ್ಪೇ ವಿಷವಾಗಿ ಹಂದಿಯು ಕುರುಡಾಗಿ ಸುತ್ತುತ್ತ, ಕೈಕಾಲು ಸೆಟೆದು ಬಿದ್ದು ಸಾಯುವುದು. ನೋಡಿದವರು ದೃಷ್ಟಿಯಾಯಿತೆನ್ನುವರು.

ಕಡಲೆಕಾಯಿಯ ಸೀಮೆಯಾದುದರಿಂದ ಹಿಂಡಿಯು ಕೈಗೆ ಹತ್ತಿರ. ಕಡಲೆಕಾಯಿಯನ್ನು ಹೆಚ್ಚಾಗಿ ತಿಂದ ಹಂದಿಯ ಕೊಬ್ಬು ಎಣ್ಣೆಯಂತೆ ಮೆತ್ತಗಾಗುವುದು. ಅಮೆರಿಕೆಯ ವರ್ಜೀನಿಯಾದವರು ಅದನ್ನೇ ಗುಣವೆಂದು ಮೆಚ್ಚಿ, ಸ್ಮಿತ್‌ಫೀಲ್ಡಿನ ಮಾಂಸಕ್ಕೆ ಕಡಲೆಕಾಯಿ ತಿಂದ ಹಂದಿಯೇ ಆಗಬೇಕೆಂದು 1926ರಲ್ಲಿ ಕಾನೂನನ್ನೇ ಮಾಡಿ, 1966ರಲ್ಲಿ ಆ ನಿಬಂಧನೆಯನ್ನು ಬಿಟ್ಟರು. ಇಲ್ಲಿನ ಭಯವು ಬೇರೆ, ಅದು ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೆ ಮೇಲ್ಪಟ್ಟು ಟರ್ಕಿಕೋಳಿಗಳು ಸತ್ತುದಕ್ಕೆ ಕಾರಣವು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ಎಂದು ಗೊತ್ತಾಯಿತು. ಅದೇ ವಿಷವು ಹಂದಿಮರಿಯ ಯಕೃತ್ತನ್ನೂ ಕೆಡಿಸುವುದು. ಬೀದಿಯಲ್ಲಿ ಅಲೆಯುವ ಹಂದಿಯು ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಬಹುದು. ದೊಡ್ಡಿಯಲ್ಲಿ ಕೂಡಿದುದಕ್ಕೆ ತೊಟ್ಟಿಯಲ್ಲಿ ಬಿದ್ದುದೇ ಗತಿ.

ಅಲೆಯುವುದರಲ್ಲಿಯೂ ಅಪಾಯವಿಲ್ಲದಿಲ್ಲ, ಆದರೆ ಅದು ಮನುಷ್ಯನಿಗೆ. ಬಯಲಿನ ಮಲವನ್ನು ತಿಂದ ಹಂದಿಯ ಮಾಂಸದಲ್ಲಿ ಲಾಡಿಹುಳುವಿನ ಮರಿಗಳು ಬೆಳೆಯುವುವು. ಬೇಯದ ಮಾಂಸವನ್ನು ತಿಂದವನ ಕರುಳಿನಲ್ಲಿ ಹುಳುವು ನೆಲೆಸುವುದು. ಅವನ ಮಲದಿಂದ ಹೊರಬಿದ್ದ ಮೊಟ್ಟೆಗಳು ತೊಳೆಯದ ಸೊಪ್ಪಿನ ಮೂಲಕ, ಕೊಳೆನೀರಿನ ಮೂಲಕ, ಮಾಂಸದ ವಾಸನೆಯನ್ನೇ ಅರಿಯದ ಮನೆಯ ಮಗುವಿನ ಹೊಟ್ಟೆಯನ್ನು ಸೇರಿ, ಅಲ್ಲಿಂದ ಮಿದುಳಿಗೆ ಏರಿ ಮೂರ್ಛೆರೋಗವನ್ನು ತರುವುವು. ಮಡಿಯು ಇದನ್ನು ತಡೆಯಲಾರದು, ಶೌಚಾಲಯವು ತಡೆಯುವುದು. ಹೀಗಿದ್ದರೂ ವರಾಹವನ್ನು ಗುಡಿಯಲ್ಲಿ ಪೂಜಿಸಿ, ಹೊನ್ನಿನ ನಾಣ್ಯಕ್ಕೆ ಅದರ ಹೆಸರನ್ನೇ ಇಟ್ಟ ಜನರು ಬೀದಿಯಲ್ಲಿ ಮೂಗು ಮುಚ್ಚಿಕೊಂಡು ಬಯ್ಯುವುದು ಹಂದಿಯನ್ನು, ಅದರ ಹಿಂದೆ ನಡೆಯುವ ಹಂದಿಜೋಗಿಯನ್ನು.

ಆ ಹಂದಿಜೋಗಿಯ ದಾರಿಯೂ ಈಗ ಕಿರಿದಾಗುತ್ತಿದೆ. ಚರಂಡಿಗಳಿಗೆ ಚಪ್ಪಡಿ ಬೀಳುತ್ತಿವೆ, ಬೀದಿಹಂದಿಗಳನ್ನು ಹಿಡಿಸುತ್ತಾರೆ. ಊರಿಗೆ ಅದರಿಂದ ಹಿತವೇ ಸರಿ. ಆದರೆ ಬಿಟ್ಟಿ ಮೇವಿನ ಮೇಲೆ ನಿಂತಿದ್ದ ಬದುಕಿಗೆ ಬೇರೆ ಮೇವನ್ನು ಯಾರೂ ತೋರಿಸಲಿಲ್ಲ. ಇಂಥವನು ಡಬ್ಬಗಳನ್ನು ಹಿಡಿದು ಹೋಟೆಲುಗಳ ಹಿಂಬಾಗಿಲಿಗೆ ಹೋಗಬೇಕಾಗಿದೆ. 2020ರಲ್ಲಿ ಆಫ್ರಿಕಾದ ಹಂದಿಜ್ವರವು ಭಾರತವನ್ನು ಹೊಕ್ಕಿತು. ಅದಕ್ಕೆ ಔಷಧವಿಲ್ಲ, ಎಂಜಲಿನ ಮೂಲಕವೂ ಹರಡುವುದು. ತಂದುದನ್ನು ಚೆನ್ನಾಗಿ ಕುದಿಸಿಯೇ ಹಾಕಬೇಕೆಂದು ಪಶುವೈದ್ಯರು ಹೇಳುತ್ತಾರೆ. ಹೇಳುವುದು ಸರಿಯಾಗಿಯೇ ಇದೆ. ಕುದಿಸುವುದಕ್ಕೆ ಬಳ್ಳಾರಿಜಾಲಿಯ ಸೌದೆಯನ್ನು ಕಡಿದು ತರಬೇಕು, ಕುದಿದುದು ಆರುವವರೆಗೂ ಕಾಯಬೇಕು. ಹಗಲೆಲ್ಲ ಸುತ್ತಿ ಬಂದ ಕರಿಯ ಹಂದಿಗಳು ಹೊಗೆಯ ಆಚೆ ನಿಂತು ಮೂಗನ್ನೆತ್ತಿ ಗಾಳಿಯನ್ನು ಮೂಸುತ್ತಿರುತ್ತವೆ.