ದೆವ್ವದ ಮನೆಯೂ ಕುದುರೆ ಲಾಯವೂ

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಸವಾನ್ನಾ ಅಂತ ಒಂದು ಊರು, 1733ರಲ್ಲಿ ಕಟ್ಟಿದ್ದು. ಅಲ್ಲಿ ದೆವ್ವ ಅಂದರೆ ಹೆದರಿಕೆಗಿಂತ ವ್ಯಾಪಾರವೇ ಹೆಚ್ಚು. ಹಳೆಯ ಶವದ ಗಾಡಿಯ ಚಾವಣಿ ಕತ್ತರಿಸಿ, ಪ್ರವಾಸಿಗರನ್ನು ಕೂರಿಸಿಕೊಂಡು ರಾತ್ರಿ ಊರು ಸುತ್ತಿಸುತ್ತಾರೆ. ನಮ್ಮಲ್ಲಿ ಯಾರೂ ಹೋಗಿ ನೋಡಿದವರಲ್ಲ, ಓದಿ ತಿಳಿದದ್ದಷ್ಟೆ. ಅಲ್ಲಿನ ಗುಲ್ಲಾ-ಗೀಚಿ ಎಂಬ ಕಪ್ಪು ಸಮುದಾಯದವರು ಜಗಲಿಯ ಮಾಡಿಗೆ ತಿಳಿನೀಲಿ ಬಳಿಯುತ್ತಿದ್ದರಂತೆ. ದೆವ್ವ ಅದನ್ನು ನೀರು ಅಂದುಕೊಂಡು ದಾಟುವುದಿಲ್ಲ. ಬಾಗಿಲ ಮೇಲೆ ‘ನಾಳೆ ಬಾ’ ಬರೆದವರ ನಾಡಿನ ನಮಗೆ ಇದು ತಕ್ಷಣ ಅರ್ಥವಾಯಿತು.

ಅರ್ಥವಾಗದೆ ಕಾಡಿದ್ದು ಸೊರೆಲ್-ವೀಡ್ ಮನೆಯ ಕಥೆ. ಯಜಮಾನನಿಗೆ ಮೋಲಿ ಎಂಬ ಗುಲಾಮ ಹೆಣ್ಣಿನ ಜತೆ ಸಂಬಂಧವಿತ್ತು, ಹೆಂಡತಿ ಮೇಲಿಂದ ಹಾರಿಕೊಂಡಳು, ಮೋಲಿ ನೇಣಿನಲ್ಲಿ ಸಿಕ್ಕಳು, ಈಗಲೂ ಅಲ್ಲೇ ಓಡಾಡುತ್ತಾಳೆ. ಇದನ್ನು ಕೇಳಿದ ಇತಿಹಾಸಕಾರ್ತಿ ಟೈಯಾ ಮೈಲ್ಸ್ ದಾಖಲೆ ಹುಡುಕಿದರು. ಮೋಲಿ ಬದುಕಿದ್ದಳೆನ್ನುವುದಕ್ಕೆ ಪುರಾವೆಯೇ ಸಿಗಲಿಲ್ಲ. ‘ಸಂಬಂಧ’ ಅನ್ನುವ ಮಾತೂ ಹಾಗೆಯೇ. ಬೇಡ ಅನ್ನುವ ಹಕ್ಕೇ ಇಲ್ಲದವಳ ವಿಷಯದಲ್ಲಿ ಅದೆಂಥ ಸಂಬಂಧ?

ಹಾಗಂತ ದೆವ್ವದ ಕಥೆಯೆಲ್ಲ ಸುಳ್ಳು ಎಂದು ತಳ್ಳಿಹಾಕಲು ನಮಗೆ ಮನಸ್ಸಿಲ್ಲ. ನಮ್ಮ ಕಡೆ ‘ಹೊಟ್ಟೆನೋವು ತಾಳಲಾರದೆ ಗೃಹಿಣಿ ಬಾವಿಗೆ’ ಎಂಬ ಎರಡು ಸಾಲಿನ ಸುದ್ದಿ ಓದುತ್ತಲೇ ಬೆಳೆದವರು ನಾವು. ಅದೇ ಬಾವಿಯ ಹತ್ತಿರ ಅಜ್ಜಿಯರು ಹೇಳುವ ದೆವ್ವದ ಕಥೆಯಲ್ಲಿ ಅತ್ತೆ ಇರುತ್ತಾಳೆ, ಗಂಡ ಇರುತ್ತಾನೆ, ವರದಕ್ಷಿಣೆ ಬಾಕಿ ಇರುತ್ತದೆ. ಸುದ್ದಿ ಬಿಟ್ಟದ್ದನ್ನು ದೆವ್ವ ಹೇಳುತ್ತದೆ.

ಸವಾನ್ನಾದಲ್ಲಿ ದೆವ್ವ ಬಿಟ್ಟದ್ದನ್ನು ಸುದ್ದಿ ಹೇಳಿದ್ದೂ ಉಂಟು. 1859ರ ಮಾರ್ಚ್ 2 ಮತ್ತು 3. ಸಾಲದಲ್ಲಿ ಮುಳುಗಿದ್ದ ಪಿಯರ್ಸ್ ಬಟ್ಲರ್ ತನ್ನ ತೋಟದ ಗುಲಾಮರನ್ನು ಊರಾಚೆಯ ರೇಸ್ ಮೈದಾನದಲ್ಲಿ ಹರಾಜಿಗಿಟ್ಟ. ಪಟ್ಟಿಯಲ್ಲಿದ್ದವರು 436, ಮಾರಾಟವಾದವರು 429. ಅವರನ್ನು ಕೂಡಿಹಾಕಿದ್ದು ಕುದುರೆ ಲಾಯದಲ್ಲಿ. ಎರಡೂ ದಿನ ಬಿಡದೆ ಮಳೆ. ‘ಅಳುವ ಹೊತ್ತು’ ಎಂದೇ ಅದಕ್ಕೆ ಹೆಸರಾಯಿತು. ಅಲ್ಲಿ ಇತಿಹಾಸ ಫಲಕ ನೆಟ್ಟದ್ದು 2008ರಲ್ಲಿ.

ಇಷ್ಟು ನಮಗೆ ಗೊತ್ತಾಗುವುದು ಮಾರ್ಟಿಮರ್ ಥಾಮ್ಸನ್ ಎಂಬ ವರದಿಗಾರನಿಂದ. ನ್ಯೂಯಾರ್ಕ್ ಟ್ರಿಬ್ಯೂನ್‌ನವನು. ಕೊಳ್ಳುವವನ ವೇಷದಲ್ಲಿ ಪಟ್ಟಿ, ಪೆನ್ಸಿಲ್ ಹಿಡಿದು ಜನರ ನಡುವೆ ನಿಂತಿದ್ದ. ಜೆಫ್ರಿ ಎಂಬ 23ರ ಹುಡುಗ ತನ್ನನ್ನು ಕೊಂಡ ಒಡೆಯನಿಗೆ, ನನ್ನ ಡಾರ್ಕಸ್‌ಳನ್ನೂ ಕೊಂಡುಕೊಳ್ಳಿ ಎಂದು ಗೋಗರೆದದ್ದನ್ನು ಬರೆದುಕೊಂಡ. ಒಡೆಯ ಒಪ್ಪಿದ್ದ. ಮರುದಿನ ನೋಡಿದರೆ ಡಾರ್ಕಸ್ ಒಬ್ಬಳನ್ನೇ ಮಾರುವಂತಿರಲಿಲ್ಲ. ಮನೆಯ ನಾಲ್ವರನ್ನೂ ಒಟ್ಟಿಗೇ ಕೊಳ್ಳಬೇಕಿತ್ತು. ಒಡೆಯ ಹಿಂದೆ ಸರಿದ.